ಕಾಗದದ ಗಿಟಾರ್ ಮಾಡಿದ ಬಡಗಿ

(ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಾರ್ಸಿಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ 1862ರ ಒಂದು ಗಿಟಾರ್ ಇದೆ. ಅದರ ಮುಖದ ಹಲಗೆ ಮರದ್ದು, ಕತ್ತೂ ಮರದ್ದು. ಬೆನ್ನು ಮತ್ತು ಪಕ್ಕಗಳು ಮಾತ್ರ ಕಾಗದದ ರಟ್ಟಿನವು. ಅದು ಮಕ್ಕಳ ಆಟಿಕೆಯಲ್ಲ, ತಮಾಷೆಗೆ ಮಾಡಿದ್ದೂ ಅಲ್ಲ. ಅದನ್ನು ಮಾಡಿದವನಿಗೆ ಆ ಹೊತ್ತಿಗಾಗಲೇ ಒಳ್ಳೆಯ ಹೆಸರಿತ್ತು. ನಾಲ್ಕು ವರ್ಷ ಮೊದಲು ಸ್ಪೇನಿನ ಸೆವಿಯಾ ನಗರದ ಪ್ರದರ್ಶನದಲ್ಲಿ ಅವನ ಗಿಟಾರಿಗೆ ಕಂಚಿನ ಪದಕ ಬಂದಿತ್ತು. ಮರ ಸಿಗದೆ ಕಾಗದಕ್ಕೆ ಇಳಿದವನೂ ಅವನಲ್ಲ. ಆದರೂ ಕುಳಿತು ರಟ್ಟು ಅಂಟಿಸಿದ. ಯಾಕೆ ಅಂಟಿಸಿದ ಎಂಬುದನ್ನು ಹಿಡಿದುಕೊಂಡು ಇವತ್ತು ನಾಲ್ಕು ಮಾತು ಆಡುತ್ತೇನೆ.

ಅವನ ಹೆಸರು ಅಂತೋನಿಯೊ ದೆ ತೋರೆಸ್ ಹುರಾದೊ. ಇವತ್ತು ನಿಮ್ಮಲ್ಲಿ ಯಾರದಾದರೂ ಮನೆಯಲ್ಲಿ ನೈಲಾನ್ ತಂತಿಯ ಗಿಟಾರ್ ಇದ್ದರೆ, ಅದು ಚೀನಾದ ಕಾರ್ಖಾನೆಯಿಂದ ಬಂದದ್ದಾದರೂ ಸರಿ, ಅದರ ಆಕಾರ, ಅಳತೆ, ಒಳಗಿನ ಪಟ್ಟಿಗಳ ಜೋಡಣೆ ಬಹುಮಟ್ಟಿಗೆ ಈ ಮನುಷ್ಯನ ಕಾರ್ಯಾಗಾರದಿಂದ ಬಂದದ್ದು. ತಂತಿಯ ನಾದ ಹೊಮ್ಮಿಸುವ ಉದ್ದ ಸುಮಾರು 650 ಮಿಲಿಮೀಟರ್ ಇರಬೇಕು, ಒಡಲು ಇಷ್ಟು ಅಗಲ ಇರಬೇಕು ಎಂಬುದನ್ನೆಲ್ಲ ಅವನೊಬ್ಬನೇ ಕಂಡುಹಿಡಿದ ಎಂದು ನಾನು ಹೇಳುತ್ತಿಲ್ಲ. ಅಲ್ಲಲ್ಲಿ ಚದುರಿದ್ದ ಉಪಾಯಗಳನ್ನು ಒಂದೇ ವಾದ್ಯದಲ್ಲಿ ಕೂಡಿಸಿ, ಮುಂದಿನವರು ಅದನ್ನು ಬಿಟ್ಟು ಆಚೆ ಹೋಗಲಾಗದ ಹಾಗೆ ಮಾಡಿದವನು ಅವನು.

ತೋರೆಸ್ ಹುಟ್ಟಿದ್ದು 1817ರ ಜೂನ್ 13ರಂದು, ಸ್ಪೇನಿನ ಆಗ್ನೇಯ ಮೂಲೆಯ ಅಲ್ಮೆರಿಯಾ ಊರಿನ ಹೊರವಲಯದಲ್ಲಿ. ಮಳೆ ಬಹಳ ಕಡಿಮೆಯಿರುವ ಒಣ ಸೀಮೆ ಅದು. ಗಿಟಾರಿನ ಮುಖಕ್ಕೆ ಬೇಕಾದ ಸ್ಪ್ರೂಸ್ ಮರ ಬೆಳೆಯುವುದು ಯುರೋಪಿನ ತಂಪು ಬೆಟ್ಟಗಳಲ್ಲಿ, ಅಲ್ಲಿಂದ ಬಹಳ ದೂರದಲ್ಲಿ. ತಂದೆ ತೆರಿಗೆ ವಸೂಲಿ ಮಾಡುತ್ತಿದ್ದ ಸಾಮಾನ್ಯ ನೌಕರ. ಹನ್ನೆರಡನೆಯ ವಯಸ್ಸಿಗೆ ಮಗನನ್ನು ಬಡಗಿಯೊಬ್ಬನ ಕೈಕೆಳಗೆ ಕೆಲಸ ಕಲಿಯಲು ಬಿಟ್ಟ. ಹುಡುಗ ಉಳಿ, ಗರಗಸ ಹಿಡಿದದ್ದು ಕುರ್ಚಿ, ಬಾಗಿಲು, ಪೆಟ್ಟಿಗೆಗಳಿಗಾಗಿ. ಗಿಟಾರ್ ಬಂದದ್ದು ಎಷ್ಟೋ ಕಾಲದ ಮೇಲೆ.

1833ರಲ್ಲಿ ಸ್ಪೇನಿನಲ್ಲಿ ಸಿಂಹಾಸನಕ್ಕಾಗಿ ಯುದ್ಧ ಹೊತ್ತಿಕೊಂಡಿತು. ಹರೆಯದ ಹುಡುಗರನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಿದ್ದ ದಿನಗಳು. ತಂದೆ ಹೇಗೋ ಮಾಡಿ, ಮಗನಿಗೆ ಆರೋಗ್ಯ ಸರಿಯಿಲ್ಲ ಎಂದು ಬಿಡಿಸಿಕೊಂಡು ಬಂದ. ಆದರೂ ಹೆದರಿಕೆ ಹೋಗಲಿಲ್ಲ. ಮದುವೆಯಾಗದವರನ್ನೇ ಮೊದಲು ಹಿಡಿಯುತ್ತಿದ್ದರಿಂದ ಅವಸರದಲ್ಲಿ ಮದುವೆಯನ್ನೂ ಮಾಡಿದರು. 1835ರಲ್ಲಿ ಹದಿನೆಂಟರ ಹುಡುಗನಿಗೆ ಹದಿಮೂರರ ಹುಡುಗಿ ಹೆಂಡತಿಯಾಗಿ ಬಂದಳು. ಹತ್ತು ವರ್ಷದಲ್ಲಿ ಮೂರು ಮಕ್ಕಳು; ಅವರಲ್ಲಿ ಇಬ್ಬರು ಉಳಿಯಲಿಲ್ಲ. 1845ರಲ್ಲಿ ಕ್ಷಯರೋಗದಿಂದ ಹೆಂಡತಿಯೂ ತೀರಿಹೋದಳು. ಆಗ ಅವಳಿಗೆ ಇಪ್ಪತ್ತಮೂರು. ಈ ಉದ್ದಕ್ಕೂ ಸಾಲ ಅವನ ಬೆನ್ನು ಬಿಡಲಿಲ್ಲ. ಹೆಚ್ಚಿನ ಕೂಲಿ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಲೇ ಇದ್ದ.

ಕಲಾವಿದರ ಜೀವನ ಹೇಳುವಾಗ ಬಡತನಕ್ಕೆ ಒಂದು ಹೊಳಪು ಕೊಡುವ ಚಾಳಿ ನಮಗಿದೆ. ನನಗೆ ಅದು ಹಿಡಿಸುವುದಿಲ್ಲ. ಬಡತನ ತೋರೆಸ್‌ನಿಂದ ಒಳ್ಳೆಯ ಗಿಟಾರ್ ಮಾಡಿಸಲಿಲ್ಲ. ಅವನ ಎಷ್ಟೋ ವರ್ಷಗಳನ್ನು ಬೇರೆ ಕೆಲಸಗಳಿಗೆ ಕಸಿದುಕೊಂಡಿತು, ಅಷ್ಟೆ.

ಸೆವಿಯಾಕ್ಕೆ ಹೋದ ಮೇಲೆ ದಿಕ್ಕು ಬದಲಾಯಿತು. ಅಲ್ಲಿನ ಸೆರ್ರಾಹೆರಿಯಾ ಎಂಬ ಬೀದಿಯಲ್ಲಿ ಗಿಟಾರ್ ಮಾಡುವವರ ಅಂಗಡಿಗಳಿದ್ದವು. ಆ ಕಾಲದ ಪ್ರಸಿದ್ಧ ವಾದಕ ಹೂಲಿಯಾನ್ ಆರ್ಕಾಸ್, ಇವನೂ ಅಲ್ಮೆರಿಯಾ ಸೀಮೆಯವನೇ, ತೋರೆಸ್‌ನ ಕೈಕೆಲಸ ನೋಡಿ ಇದನ್ನೇ ಕಸುಬು ಮಾಡಿಕೊ ಎಂದು ಹುರಿದುಂಬಿಸಿದ. ಎಂಥ ನಾದ ಬೇಕು, ಈಗಿನ ಗಿಟಾರುಗಳಲ್ಲಿ ಏನು ಕೊರತೆ ಎಂದು ತಿಳಿಸಿದವನೂ ಅವನೇ. 1856ರಲ್ಲಿ ತೋರೆಸ್ ಮಾಡಿದ ಒಂದು ಗಿಟಾರಿಗೆ ‘ಲಾ ಲಿಯೋನಾ’ ಎಂದು ಹೆಸರು, ಅಂದರೆ ಸಿಂಹಿಣಿ. ಅದರ ಬೆನ್ನು ಮತ್ತು ಪಕ್ಕಗಳು ಸೈಪ್ರೆಸ್ ಮರದವು. ಸ್ಪೇನಿನಲ್ಲಿ ಸುಲಭವಾಗಿ ಸಿಗುತ್ತಿದ್ದ ಅಗ್ಗದ ಮರ ಅದು. ಮೇಲುಬೆಲೆಯ ಮರ ಬಳಸದೆ, ಇಂದಿಗೂ ಗಿಟಾರ್ ಲೋಕ ನೆನೆಯುವ ವಾದ್ಯವೊಂದನ್ನು ಅವನು ಮಾಡಿದ್ದ.

ಈಗ ರಟ್ಟಿನ ಗಿಟಾರಿಗೆ ಬರೋಣ. ತಂತಿಯನ್ನು ಮೀಟಿದರೆ ತಂತಿ ಕಂಪಿಸುತ್ತದೆ. ಆದರೆ ತಂತಿ ಸಣ್ಣದು, ಅದು ತಾನಾಗಿ ಗಾಳಿಯನ್ನು ತಳ್ಳಲಾರದು. ಅದರ ಸದ್ದು ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ತಂತಿಯ ಕಂಪನ ಕುದುರೆಯ, ಅಂದರೆ ಮುಖದ ಮೇಲೆ ತಂತಿಗಳನ್ನು ಹೊತ್ತ ಮರದ ತುಂಡಿನ, ಮೂಲಕ ಮುಖದ ಹಲಗೆಗೆ ಇಳಿಯುತ್ತದೆ, ಹಲಗೆ ಕಂಪಿಸಿ ಗಾಳಿಯನ್ನು ಅಲುಗಿಸುತ್ತದೆ. ಮದ್ದಳೆಗೆ ಚರ್ಮ ಹೇಗೋ ಗಿಟಾರಿಗೆ ಈ ಹಲಗೆ ಹಾಗೆ. ತೋರೆಸ್ ಇದನ್ನು ತನ್ನೊಳಗೇ ತೀರ್ಮಾನಿಸಿಕೊಂಡಿದ್ದ. ನಾದದ ಹಿರಿಪಾಲು ಮುಖದ ಹಲಗೆಯದ್ದು, ಉಳಿದದ್ದೆಲ್ಲ ಅದನ್ನು ಹಿಡಿದುಕೊಳ್ಳುವ ಚೌಕಟ್ಟು. ಹೀಗೆಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಮಾಡಿ ತೋರಿಸಿದ. ಬೆನ್ನು ಮತ್ತು ಪಕ್ಕಗಳಿಂದ ಮರವನ್ನೇ ತೆಗೆದುಹಾಕಿ, ಮುಖಕ್ಕೆ ಮಾತ್ರ ತನ್ನ ಪೂರ್ತಿ ಕೈಚಳಕ ಸುರಿದ. ಪ್ರಯೋಗಾಲಯ ಇಲ್ಲದ, ಭೌತಶಾಸ್ತ್ರ ಓದದ ಬಡಗಿಯೊಬ್ಬ ಒಂದು ಪ್ರಶ್ನೆ ಕೇಳಿ, ಬೇರೆ ಅಂಶವನ್ನೆಲ್ಲ ಪಕ್ಕಕ್ಕಿಟ್ಟು ಪರೀಕ್ಷಿಸಿದ ರೀತಿ ನನಗೆ ಆ ಗಿಟಾರಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆ ಮುಖವನ್ನು ಮಾಡುವುದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಸುಬೆಲ್ಲ ಇರುವುದು ಇಲ್ಲೇ.

ಸ್ಪ್ರೂಸ್ ದಿಮ್ಮಿಯನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಸೀಳುವುದು ಮೇಲು. ಗರಗಸ ತಾನು ಹಿಡಿದ ದಾರಿಯಲ್ಲೇ ಹೋಗುತ್ತದೆ, ಮರದ ಎಳೆ ಎತ್ತ ತಿರುಗಿದೆ ಎಂದು ನೋಡುವುದಿಲ್ಲ. ಸೀಳಿದ ಮರ ಎಳೆಯ ಗುಂಟವೇ ಬಿರಿಯುತ್ತದೆ, ಆದ್ದರಿಂದ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ನಾರು ಕಡಿಯದೆ ಓಡುತ್ತದೆ. ವರ್ಷದ ಉಂಗುರಗಳು ಹಲಗೆಯ ಮೇಲ್ಮೈಗೆ ಲಂಬವಾಗಿ ನಿಲ್ಲುವಂತೆ ತುಂಡು ಆರಿಸಿಕೊಳ್ಳಬೇಕು. ಆಮೇಲೆ ವರ್ಷಗಟ್ಟಲೆ ಒಣಗಲು ಬಿಡಬೇಕು. ಒಂದೇ ತುಂಡನ್ನು ದಪ್ಪದಲ್ಲಿ ಎರಡು ಮಾಡಿ, ಮಗುಚಿ ಪಕ್ಕಪಕ್ಕ ಇಟ್ಟರೆ ಎಡಗಡೆಯ ಗೆರೆಗಳು ಬಲಗಡೆಗೆ ಸರಿಯಾಗಿ ಹೊಂದುತ್ತವೆ. ಎರಡರ ಅಂಚನ್ನೂ ಕೀಸುಳಿಯಿಂದ ಹೆರೆದು, ಜೋಡಿಸಿ, ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಸಂದಿಯಲ್ಲಿ ಎಲ್ಲಿಯಾದರೂ ಬೆಳಕು ಇಣುಕಿದರೆ ಮತ್ತೆ ಹೆರೆಯಬೇಕು. ತೋರೆಸ್ ವಿಷಯದಲ್ಲಿ ಗಮನಿಸಬೇಕಾದದ್ದು, ಅವನ ಕೆಲವು ಗಿಟಾರುಗಳ ಮುಖ ಎರಡು ತುಂಡಿನದ್ದಲ್ಲ, ಮೂರು ನಾಲ್ಕು ತುಂಡು ಸೇರಿಸಿ ಮಾಡಿದ್ದು. ಅಗಲವಾದ ಮರ ಕೊಳ್ಳಲು ಹಣವಿಲ್ಲದಾಗ ಇದ್ದದ್ದನ್ನೇ ಕೂಡಿಸುತ್ತಿದ್ದ. ಇವತ್ತು ಅಂಥ ಹಲಗೆಯನ್ನು ಗಿರಾಕಿಗೆ ತೋರಿಸಿದರೆ ಅವರು ಗಿಟಾರನ್ನು ಮುಟ್ಟುವುದೂ ಇಲ್ಲ.

ಮುಂದಿನದು ತೆಳು ಮಾಡುವ ಕೆಲಸ. ಮುಖದ ಹಲಗೆಯ ದಪ್ಪ ಸುಮಾರು 2ರಿಂದ 2.5 ಮಿಲಿಮೀಟರ್, ತೋರೆಸ್ ಅಂಚಿನ ಕಡೆ ಇನ್ನೂ ತೆಳುವಾಗಿಸುತ್ತಿದ್ದ. ಇಂದಿನ ನೈಲಾನ್ ತಂತಿಗಳು ಆರೂ ಸೇರಿ ಸುಮಾರು 40 ಕಿಲೊ ಬಲದಲ್ಲಿ ಈ ಹಲಗೆಯನ್ನು ಎಳೆಯುತ್ತವೆ. ಎರಡು ಮಿಲಿಮೀಟರ್ ಮರ ಇಷ್ಟು ಎಳೆತವನ್ನು ವರ್ಷಾನುಗಟ್ಟಲೆ ತಡೆಯಬೇಕು, ಆದರೂ ಬೆರಳ ತುದಿಯ ಸಣ್ಣ ಮೀಟಿಗೆ ಓಗೊಡುವಷ್ಟು ಸಡಿಲವಾಗಿರಬೇಕು. ದಪ್ಪ ಬಿಟ್ಟರೆ ಗಿಟಾರ್ ಮೂಕವಾಗುತ್ತದೆ, ತೀರ ತೆಳುವಾದರೆ ಕುದುರೆಯ ಹಿಂದೆ ಉಬ್ಬಿ ಕೆಲವೇ ವರ್ಷಗಳಲ್ಲಿ ಕೈಕೊಡುತ್ತದೆ. ಇವೆರಡರ ನಡುವಿನ ಜಾಗ ಬಹಳ ಕಿರಿದು, ಪ್ರತಿ ಹಲಗೆಗೂ ಬೇರೆ ಬೇರೆ. ಒಂದೇ ಮರದಿಂದ ಬಂದ ಎರಡು ಹಲಗೆಗಳೂ ಒಂದೇ ದಪ್ಪಕ್ಕೆ ಒಂದೇ ಥರ ಬಾಗುವುದಿಲ್ಲ.

ತೆಳು ಹಲಗೆಗೆ ಆಸರೆ ಬೇಕಲ್ಲ? ಅದಕ್ಕಾಗಿ ಒಳಮೈಗೆ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸುತ್ತಾರೆ. ಮುಖದ ದುಂಡು ರಂಧ್ರದ ಕೆಳಗಿನಿಂದ ಹೊರಟು ಬೀಸಣಿಗೆಯಾಗಿ ಹರಡುವ ಏಳು ಪಟ್ಟಿ, ಕೆಳಗೆ ಅವುಗಳನ್ನು ಮುಚ್ಚುವ ಎರಡು ಓರೆ ಪಟ್ಟಿ: ಇದು ತೋರೆಸ್‌ನ ಜೋಡಣೆ ಎಂದು ಪ್ರಸಿದ್ಧ. ಬೀಸಣಿಗೆ ಪಟ್ಟಿಯನ್ನು ಅವನೇ ಕಂಡುಹಿಡಿದ ಎಂದು ಬರೆಯುವವರು ಇದ್ದಾರೆ, ಅದು ಸರಿಯಲ್ಲ. ಸೆವಿಯಾದ ಫ್ರಾನ್ಸಿಸ್ಕೊ ಸಾಂಗಿನೊ ಹದಿನೆಂಟನೆಯ ಶತಮಾನದಲ್ಲೇ ಅಂಥ ಪಟ್ಟಿ ಹಾಕಿದ್ದ, ಕಾದಿಸ್ ಊರಿನ ಹೋಸೆ ಪಾಹೆಸ್ ಕೂಡ ಹಾಕುತ್ತಿದ್ದ. ತೋರೆಸ್ ಮಾಡಿದ್ದು ಒಡಲನ್ನು ಹಿಗ್ಗಿಸಿ, ಮುಖವನ್ನು ತೆಳು ಮಾಡಿ, ಅದಕ್ಕೆ ಅತಿ ಮೆಲ್ಲನೆಯ ಉಬ್ಬು ಕೊಟ್ಟು, ಆ ಉಬ್ಬಿಗೆ ತಕ್ಕಂತೆ ಪಟ್ಟಿಗಳನ್ನು ಕೂರಿಸಿದ್ದು. ಉಬ್ಬಿದ್ದರೆ ತೆಳು ಹಲಗೆಗೂ ಬಲ ಬರುತ್ತದೆ. ಬಲ ಬಂದದ್ದರಿಂದ ಇನ್ನಷ್ಟು ಮರವನ್ನು ತೆಗೆಯಬಹುದು. ಅವನ ಕಸುಬಿನ ಜಾಣತನವೆಲ್ಲ ಸೇರಿಸುವುದಕ್ಕಿಂತ ಕಳೆಯುವುದರಲ್ಲಿ ಇತ್ತು.

ಸ್ಪೇನಿನವರು ಗಿಟಾರನ್ನು ಕೂಡಿಸುವ ಕ್ರಮವೂ ಬೇರೆ. ಯುರೋಪಿನ ಬೇರೆ ಕಡೆ ಒಡಲನ್ನು ಪೂರ್ತಿ ಮಾಡಿ, ಆಮೇಲೆ ಕತ್ತನ್ನು ತಂದು ಬೆಸೆಯುವುದು ವಾಡಿಕೆ. ಸ್ಪೇನಿನಲ್ಲಿ ಸೊಲೇರಾ ಎಂಬ ಗಿಟಾರ್ ಆಕಾರದ ಮಣೆ ಇರುತ್ತದೆ. ಮುಖದ ಉಬ್ಬಿಗೆ ಸರಿಯಾಗಿ ಅದರಲ್ಲಿ ಸ್ವಲ್ಪ ತಗ್ಗು ತೋಡಿರುತ್ತಾರೆ. ಮುಖವನ್ನು ಅದರ ಮೇಲೆ ಬೋರಲಾಗಿ ಮಲಗಿಸಿ, ಕತ್ತನ್ನು ಮೊದಲೇ ಅದಕ್ಕೆ ಅಂಟಿಸಿಬಿಡುತ್ತಾರೆ. ಕತ್ತಿನ ಬುಡ ಒಳಗೆ ಚಾಚಿಕೊಂಡಿರುತ್ತದೆ, ಅದರ ಎರಡು ಬದಿಯಲ್ಲಿ ಕೊಯ್ದ ಸೀಳುಗಳಿಗೆ ಪಕ್ಕದ ಪಟ್ಟಿಗಳನ್ನು ತೂರಿಸುತ್ತಾರೆ. ಪಕ್ಕಗಳನ್ನು ನೀರು ಸವರಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಾಗಿಸಿರುತ್ತಾರೆ. ಮುಖ ಮತ್ತು ಪಕ್ಕ ಕೂಡುವ ಮೂಲೆಯಲ್ಲಿ ಬೆರಳ ತುದಿಯಷ್ಟಿರುವ ಮರದ ಚೂರುಗಳನ್ನು ಒಂದೊಂದಾಗಿ, ಬಿಸಿ ಅಂಟು ಹಚ್ಚಿ ಸಾಲಾಗಿ ಕೂರಿಸುತ್ತಾರೆ. ಪ್ರಾಣಿಗಳ ಚರ್ಮ ಕಾಯಿಸಿ ತೆಗೆದ ಅಂಟು ಅದು, ಬೇಗ ಆರಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಚೂರನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ದೊಡ್ಡ ಯಂತ್ರ, ಅಚ್ಚು, ಬಿಗಿಹಿಡಿಗಳ ರಾಶಿ ಯಾವುದೂ ಬೇಡ. ಒಬ್ಬ ಮನುಷ್ಯ, ಒಂದು ಮೇಜು, ಒಂದು ಮಣೆ ಇದ್ದರೆ ಗಿಟಾರ್ ಆಗುತ್ತದೆ. ಕೊನೆಗೆ ಬೆನ್ನನ್ನು ಮುಚ್ಚಿದರೆ ಒಳಗಿನ ಕೆಲಸ ಮತ್ತೆ ಕಾಣಿಸುವುದಿಲ್ಲ.

ಹೊರಮೈಗೆ ಹಚ್ಚುವ ಹೊಳಪಿಗೆ ನಮ್ಮ ದೇಶದ ಸಂಬಂಧವಿದೆ. ಅದು ಅರಗು, ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಜೊತೆ ಹಚ್ಚುವಂಥದೇ ಅರಗು. ಹುಳುಗಳು ಮರದ ಕೊಂಬೆಗಳ ಮೇಲೆ ಸ್ರವಿಸುವ ಈ ಪದಾರ್ಥ ಭಾರತದಿಂದ ಯುರೋಪಿಗೆ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಸ್ಪೇನಿನ ಕುಶಲಿಗಳು ಅದನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರವಾಗಿ ದಿನಗಟ್ಟಲೆ ಉಜ್ಜುತ್ತಾರೆ. ಪದರ ಬಹಳ ತೆಳು, ಹಾಗಾಗಿ ಮುಖದ ಕಂಪನಕ್ಕೆ ಅಡ್ಡಿಯಾಗುವುದಿಲ್ಲ. ಬೆವರು ತಾಗಿದರೆ ಮಾಸುತ್ತದೆ ಎಂಬುದು ಅದರ ದೋಷ.

1869ರಲ್ಲಿ ಒಬ್ಬ ಹದಿನೇಳರ ಹುಡುಗ ತೋರೆಸ್‌ನ ಅಂಗಡಿಗೆ ಬಂದ. ಮೊದಲು ಅವನಿಗೆ ಸಾಧಾರಣ ಗಿಟಾರ್ ಒಂದನ್ನು ತೋರಿಸಿದರಂತೆ. ಹುಡುಗ ನುಡಿಸಿದ್ದನ್ನು ಕೇಳಿದ ತೋರೆಸ್, ಕೆಲವು ವರ್ಷ ಮೊದಲು ತನಗೆಂದು ಮಾಡಿ ಇಟ್ಟುಕೊಂಡಿದ್ದ ಗಿಟಾರನ್ನು ಒಳಗಿನಿಂದ ತಂದು ಅವನಿಗೆ ಕೊಟ್ಟ. ಆ ಹುಡುಗ ಫ್ರಾನ್ಸಿಸ್ಕೊ ತಾರೆಗಾ. ಮುಂದೆ ಗಿಟಾರ್ ವಾದನದ ಇಡೀ ಪದ್ಧತಿಯನ್ನೇ ತಿದ್ದಿದವನು. ಸಭಾಂಗಣದಲ್ಲಿ ಒಂಟಿಯಾಗಿ ಕುಳಿತು ನುಡಿಸಬಲ್ಲ ವಾದ್ಯವೆಂದು ಗಿಟಾರಿಗೆ ಬಂದ ಮರ್ಯಾದೆಯಲ್ಲಿ ಈ ಇಬ್ಬರ ಪಾಲೂ ಇದೆ.

ಇಷ್ಟೆಲ್ಲ ಆದ ಮೇಲೆ ತೋರೆಸ್ ಏನು ಮಾಡಿದ ಗೊತ್ತೇ? ಮರುಮದುವೆಯಾಗಿದ್ದವನು, ಮನೆಯವರ ಜೊತೆ ಅಲ್ಮೆರಿಯಾಕ್ಕೆ ವಾಪಸು ಹೋಗಿ ಪಿಂಗಾಣಿ, ಗಾಜಿನ ಪಾತ್ರೆಗಳ ಅಂಗಡಿ ಇಟ್ಟ. ಸ್ಪೇನಿನ ಅತಿ ದೊಡ್ಡ ಗಿಟಾರ್ ಕುಶಲಿ ಬಟ್ಟಲು, ತಟ್ಟೆ ಮಾರುತ್ತ ಕುಳಿತ. ಗಿಟಾರಿನಿಂದ ಸಂಸಾರ ನಡೆಯುವುದಿಲ್ಲ ಎಂದು ಅವನಿಗೆ ಅನ್ನಿಸಿರಬೇಕು. 1875ರಲ್ಲಿ ಅಂಗಡಿಯ ಜೊತೆಗೇ ಮತ್ತೆ ಗಿಟಾರ್ ಮಾಡತೊಡಗಿದ. ಆ ಗಿಟಾರುಗಳ ಒಳಚೀಟಿಯಲ್ಲಿ ‘ಎರಡನೆಯ ಅವಧಿ’ ಎಂದು ಬರೆದು ಸಂಖ್ಯೆ ಹಾಕುತ್ತಿದ್ದ. 1883ರಲ್ಲಿ ಎರಡನೆಯ ಹೆಂಡತಿಯೂ ತೀರಿಕೊಂಡ ಮೇಲೆ ಕೆಲಸವನ್ನು ಇನ್ನಷ್ಟು ಹೆಚ್ಚಿಸಿ ವರ್ಷಕ್ಕೆ ಹನ್ನೆರಡರ ಆಸುಪಾಸು ಮಾಡಿದ. 1892ರ ನವೆಂಬರ್ 19ರಂದು ಅವನು ಸತ್ತಾಗ, ಬದುಕಿನಲ್ಲಿ ಒಟ್ಟು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು ಗಿಟಾರ್ ಮಾಡಿದ್ದ ಎಂಬುದು ಬಲ್ಲವರ ಅಂದಾಜು.

ಕೊನೆಗಾಲದಲ್ಲಿ ಅವನ ಕೈ ನಡುಗುತ್ತಿತ್ತು. ಊರಿನ ಪಾದ್ರಿ ಹುವಾನ್ ಮಾರ್ತಿನೆಸ್ ಸಿರ್ವೆಂತ್ ಎಂಬವನು ಅಂಟಿಸುವಂಥ ನಾಜೂಕಿನ ಕೆಲಸಕ್ಕೆ ಕೈಗೂಡಿಸುತ್ತಿದ್ದ. ತೋರೆಸ್ ಸತ್ತು ಸುಮಾರು ನಲವತ್ತು ವರ್ಷದ ಮೇಲೆ, 1931ರಲ್ಲಿ, ಇದೇ ಪಾದ್ರಿ ಒಂದು ಪತ್ರದಲ್ಲಿ ಹಳೆಯ ಪ್ರಸಂಗವೊಂದನ್ನು ನೆನೆದಿದ್ದಾನೆ. ನಿಮ್ಮ ಗುಟ್ಟು ನಿಮ್ಮ ಜೊತೆಗೇ ಮಣ್ಣಾಗಬಾರದು, ಯಾರಿಗಾದರೂ ಹೇಳಿಹೋಗಿ ಎಂದು ತೋರೆಸ್‌ಗೆ ಕೇಳಿದ್ದರು. ಅದನ್ನು ಬಿಟ್ಟುಹೋಗುವುದು ನನ್ನಿಂದ ಆಗದು ಎಂದು ಅವನು ಉತ್ತರಿಸಿದ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳ ನಡುವೆ ಹಲಗೆಯನ್ನು ಹಿಡಿದಾಗ, ಅದು ತಾನು ಬಯಸಿದ ನಾದಕ್ಕೆ ತಕ್ಕಷ್ಟು ಹದವಾಗಿದೆಯೇ ಇಲ್ಲವೇ ಎಂದು ಬೆರಳು ಬುದ್ಧಿಗೆ ತಿಳಿಸುತ್ತದೆ. ಗುಟ್ಟು ಅಷ್ಟೇ, ಎಂಬುದು ಅವನ ಮಾತಿನ ಸಾರ.

ಈ ಪ್ರಸಂಗವನ್ನು ಹೇಳುವವರು ಹೆಚ್ಚಾಗಿ ತೋರೆಸ್ ಗುಟ್ಟನ್ನು ಬಚ್ಚಿಟ್ಟ ಎಂದೇ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ಪಟ್ಟಿಗಳ ಸಂಖ್ಯೆ, ಅಳತೆ, ಉಬ್ಬು ಎಲ್ಲವೂ ಅವನ ಗಿಟಾರುಗಳಲ್ಲೇ ಇವೆ, ಒಂದನ್ನು ಬಿಚ್ಚಿ ನೋಡಿದರೆ ಯಾರಿಗೂ ಸಿಗುತ್ತವೆ. ನೂರಾರು ಮಂದಿ ಅಳೆದಿದ್ದಾರೆ, ನಕಲು ಮಾಡಿದ್ದಾರೆ. ಆದರೆ ಅಳತೆ ಇರುವುದು ಅವನು ಹಿಡಿದಿದ್ದ ಆ ಒಂದು ಹಲಗೆಗೆ. ನಿಮ್ಮ ಕೈಯಲ್ಲಿರುವ ಹಲಗೆ ಬೇರೆ. ಅದಕ್ಕೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೋರೆಸ್‌ನ ಅಳತೆ ಹೇಳಲಾರದು. ಇದನ್ನು ಉಯಿಲಿನಲ್ಲಿ ಬರೆದಿಡುವುದು ಹೇಗೆ?

ಇದಕ್ಕೆ ಒಳ್ಳೆಯ ಸಾಕ್ಷಿ ಹೋಸೆ ಲೂಯಿಸ್ ರೊಮಾನಿಯೋಸ್. 1932ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿ, 1956ರಲ್ಲಿ ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋದವರು. ಅವರೂ ಬಡಗಿಯೇ. ಗುರುವಿಲ್ಲದೆ ಗಿಟಾರ್ ಮಾಡಲು ಶುರು ಮಾಡಿದರು. ಅವರು 1973ರಲ್ಲಿ ಮಾಡಿದ ಒಂದು ಗಿಟಾರನ್ನು ಹೆಸರಾಂತ ವಾದಕ ಜೂಲಿಯನ್ ಬ್ರೀಮ್ ವರ್ಷಗಟ್ಟಲೆ ವೇದಿಕೆಯಲ್ಲಿ ನುಡಿಸಿದರು. ತೋರೆಸ್‌ನ ಉಳಿದ ಗಿಟಾರುಗಳನ್ನು ಹುಡುಕಿ, ಅಳೆದು, ಊರೂರಿನ ದಾಖಲೆ ಜಾಲಾಡಿ ಅವನ ಜೀವನಚರಿತ್ರೆಯನ್ನು 1987ರಲ್ಲಿ ಹೊರತಂದವರೂ ಅವರೇ. ನಾನು ಇವತ್ತು ಹೇಳಿದ ಮದುವೆ, ಸಾಲ, ಪಾತ್ರೆ ಅಂಗಡಿಯ ಸಂಗತಿಗಳೆಲ್ಲ ಲೋಕಕ್ಕೆ ಹೆಚ್ಚಾಗಿ ತಿಳಿದದ್ದು ಅವರ ಶ್ರಮದಿಂದ. ತೋರೆಸ್‌ನ ಅಳತೆಗಳನ್ನು ಅವರಷ್ಟು ಬಲ್ಲವರು ಇರಲಿಲ್ಲ. ಆದರೂ ಅವರ ಗಿಟಾರ್ ತೋರೆಸ್‌ನ ಗಿಟಾರಿನ ನಕಲಲ್ಲ. ಕೇಳಿದರೆ ರೊಮಾನಿಯೋಸ್ ಗಿಟಾರ್ ಎಂದೇ ಗೊತ್ತಾಗುತ್ತದೆ.

ಮ್ಯಾಡ್ರಿಡ್‌ನ ಕಾರ್ಯಾಗಾರಗಳ ಬಗ್ಗೆಯೂ ಹೇಳಬೇಕು. ತೋರೆಸ್ ಒಂಟಿಯಾಗಿ ಕೆಲಸ ಮಾಡಿದ. ಮ್ಯಾಡ್ರಿಡ್‌ನಲ್ಲಿ ಮಾತ್ರ ಒಡೆಯ, ಅವನ ಕೈಕೆಳಗೆ ನುರಿತ ಕೆಲಸಗಾರರು, ಅವರ ಕೆಳಗೆ ಕಲಿಯುವ ಹುಡುಗರು ಎಂಬ ಏರ್ಪಾಟು. ಹೋಸೆ ರಾಮಿರೆಸ್ ಮತ್ತು ಅವನ ತಮ್ಮ ಮಾನುವೆಲ್ ರಾಮಿರೆಸ್ ಅಲ್ಲಿನ ದೊಡ್ಡ ಹೆಸರುಗಳು. ಮಾನುವೆಲ್ ಪ್ಯಾರಿಸ್ಸಿಗೆ ಹೋಗಿ ಅಂಗಡಿ ಇಡುತ್ತೇನೆ ಎಂದು ಹೇಳಿ ಮ್ಯಾಡ್ರಿಡ್‌ನಲ್ಲೇ ಇಟ್ಟ; ಅಣ್ಣತಮ್ಮಂದಿರ ಮಾತು ಅಲ್ಲಿಗೆ ಮುರಿಯಿತು. ಮುಂದೆ ಜಗತ್ಪ್ರಸಿದ್ಧ ಗಿಟಾರ್ ವಾದಕನಾದ ಆಂದ್ರೆಸ್ ಸೆಗೋವಿಯಾ, ಹತ್ತೊಂಬತ್ತರ ವಯಸ್ಸಿನಲ್ಲಿ, ಸಂಗೀತ ಕಚೇರಿಯೊಂದಕ್ಕಾಗಿ ಒಳ್ಳೆಯ ಗಿಟಾರನ್ನು ಬಾಡಿಗೆಗೆ ಕೇಳಲು ಹೋದದ್ದು ಈ ಮಾನುವೆಲ್‌ನ ಅಂಗಡಿಗೆ. ಹುಡುಗ ನುಡಿಸಿದ್ದನ್ನು ಕೇಳಿದ ಮಾನುವೆಲ್, ತೆಗೆದುಕೊಂಡು ಹೋಗು, ಹಣ ಬೇಡ, ಬೇರೆ ರೀತಿಯಲ್ಲಿ ಋಣ ತೀರಿಸು ಎಂದನಂತೆ. 1912ರ ಆ ಗಿಟಾರ್ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿದೆ. ಒಳಗಿನ ಚೀಟಿಯಲ್ಲಿ ಮಾನುವೆಲ್ ರಾಮಿರೆಸ್ ಎಂದಿದೆ. ಕೆಲಸ ಮಾತ್ರ ಆಗ ಅಲ್ಲಿ ದುಡಿಯುತ್ತಿದ್ದ ಸಾಂತೋಸ್ ಎರ್ನಾಂದೆಸ್‌ನದ್ದು ಎಂದು ತಿಳಿದವರು ಹೇಳುತ್ತಾರೆ. ಒಡೆಯ ಸತ್ತ ಮೇಲೆ ಸಾಂತೋಸ್ ತನ್ನದೇ ಅಂಗಡಿ ತೆರೆದು, ತನ್ನ ಹೆಸರಿನಲ್ಲೇ ಪ್ರಖ್ಯಾತನಾದ. ಎಲ್ಲ ಕೆಲಸಗಾರರಿಗೂ ಆ ಅದೃಷ್ಟ ಬರಲಿಲ್ಲ.

ಕೊನೆಗೆ ಮರದ ವಿಷಯ, ಇದು ನಮಗೆ ಹತ್ತಿರದ್ದು. ಹಿಂದೆ ಬೆಲೆಬಾಳುವ ಸ್ಪ್ಯಾನಿಷ್ ಗಿಟಾರಿನ ಬೆನ್ನು ಎಂದರೆ ಬ್ರೆಜಿಲ್‌ನ ರೋಸ್‌ವುಡ್. 1960ರ ದಶಕದಲ್ಲಿ ಆ ಮರ ಸಿಗುವುದು ಕಷ್ಟವಾಯಿತು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ತಡೆ ಬಿತ್ತು. ಅದರ ಜಾಗಕ್ಕೆ ಬಂದದ್ದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಕುಸುರಿ ಕೆಲಸದವರು ಬಾಗಿಲು, ಪೀಠೋಪಕರಣಗಳಿಗೆ ಬಳಸುವ ಅದೇ ಬೀಟೆ ಮ್ಯಾಡ್ರಿಡ್, ಗ್ರಾನಡಾಗಳ ಗಿಟಾರಿನ ಬೆನ್ನಾಯಿತು. ಇಂದು ಜಗತ್ತಿನ ಯಾವ ಗಿಟಾರ್ ಅಂಗಡಿಗೆ ಹೋಗಿ ‘ಇಂಡಿಯನ್ ರೋಸ್‌ವುಡ್’ ಎಂಬ ಚೀಟಿ ನೋಡಿದರೂ ಅದು ಈ ಬೀಟೆಯೇ. 2017ರಿಂದ ಅದರ ಸಾಗಣೆಗೂ ಅಂತರರಾಷ್ಟ್ರೀಯ ನಿಯಂತ್ರಣ ಬಂತು. ಸಂಗೀತಗಾರರ ಪರದಾಟ ಕಂಡು 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರು.

ಇಲ್ಲಿ ನನಗೆ ರಟ್ಟಿನ ಗಿಟಾರ್ ಮತ್ತೆ ಬೇಕಾಗುತ್ತದೆ. ಬೀಟೆ ಇಲ್ಲದಿದ್ದರೆ ನಾದವಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಉಕ್ಕಿನ ತಂತಿಯ ಆರು ಗಿಟಾರ್. ಎಲ್ಲವೂ ಒಂದೇ ಮಾದರಿ, ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಐವತ್ತೆರಡು ಮಂದಿ ವಾದಕರು ಕಪ್ಪು ಕನ್ನಡಕ ಹಾಕಿಕೊಂಡು, ಮಂದ ಬೆಳಕಿನಲ್ಲಿ ನುಡಿಸಿದರು. ಅಗ್ಗದ ಮರ, ದುಬಾರಿ ಮರ ಎಂಬ ಭೇದ ಅವರು ಕೊಟ್ಟ ಅಂಕಗಳಲ್ಲಿ ಕಾಣಿಸಲಿಲ್ಲ. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಹಾಗೆಯೇ ಅನ್ವಯಿಸಬಾರದು, ಒಪ್ಪುತ್ತೇನೆ. ಬೆನ್ನಿಗೆ ಏನೂ ಕೆಲಸವಿಲ್ಲ ಎಂದೂ ನಾನು ಹೇಳುವುದಿಲ್ಲ. ಆದರೆ ಬೀಟೆ ಮರಕ್ಕೆ ನಾವು ಕೊಡುವ ಹಣದ ಬಹುಪಾಲು ಕಣ್ಣಿಗಾಗಿ ಎಂಬ ಅನುಮಾನ ನನಗೆ ಬಲವಾಗಿದೆ. 1862ರಲ್ಲಿ ತೋರೆಸ್‌ಗೂ ಇದೇ ಅನುಮಾನ ಇತ್ತು.

ನನ್ನ ಮಾತು ಇಲ್ಲಿಗೆ ಮುಗಿಯಿತು. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಮಂಗಳೂರಿನಿಂದ ಬಂದಿದ್ದ ತಾಯಿಯೊಬ್ಬರು, ಮಗಳಿಗೆ ಸ್ಪೇನಿನಿಂದ ತರಿಸಿದ ಗಿಟಾರ್ ಮಳೆಗಾಲದಲ್ಲಿ ಬೇರೆಯದೇ ಸದ್ದು ಮಾಡುತ್ತದಲ್ಲ, ಏನು ಮಾಡಬೇಕು ಎಂದು ಕೇಳಿದರು. ಸ್ಪೇನಿನ ಕಾರ್ಯಾಗಾರಗಳಲ್ಲಿ ಗಾಳಿಯ ತೇವಾಂಶ ಶೇಕಡ 50ರ ಸುಮಾರಿಗೆ ಇರುವಾಗ ಹಲಗೆಗಳನ್ನು ಅಂಟಿಸುತ್ತಾರೆ. ಕರಾವಳಿಯ ಆಷಾಢದಲ್ಲಿ ತೇವಾಂಶ ಅದಕ್ಕಿಂತ ಎಷ್ಟೋ ಹೆಚ್ಚು. ಮರ ತೇವ ಕುಡಿದು ಹಿಗ್ಗುತ್ತದೆ, ಮುಖ ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ನಾದ ಮಂಕಾಗುತ್ತದೆ. ಇದು ಅಷ್ಟು ಅಪಾಯವಲ್ಲ, ಒಣಗಿದರೆ ಸರಿಹೋಗುತ್ತದೆ. ಅಪಾಯ ಇರುವುದು ಹಿಗ್ಗಿದ ಗಿಟಾರನ್ನು ಒಮ್ಮೆಲೇ ಹವಾನಿಯಂತ್ರಿತ ಕೋಣೆಗೋ, ಬೇಸಿಗೆಯ ಕಲಬುರಗಿಗೋ ಒಯ್ದಾಗ. ಬೇಗ ಕುಗ್ಗಿದ ಹಲಗೆ ಎಳೆಯ ಗುಂಟ ಬಿರಿಯುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ ಇಡಿ, ತೇವಾಂಶ ತೋರಿಸುವ ಸಣ್ಣ ಮಾಪಕವನ್ನೂ ಅದರೊಳಗೆ ಇಡಿ, ಗೋಡೆಗೆ ನೇತುಹಾಕಬೇಡಿ ಎಂದೆ.

ಸ್ಪ್ರೂಸ್ ಒಳ್ಳೆಯದೋ ಸೀಡರ್ ಒಳ್ಳೆಯದೋ ಎಂದು ಇನ್ನೊಬ್ಬರು ಕೇಳಿದರು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕೆಂಪು ಸೀಡರನ್ನು ಗಿಟಾರಿನ ಮುಖಕ್ಕೆ 1960ರ ದಶಕದ ನಡುವಿನಲ್ಲಿ ತಂದವನು ಮೂರನೆಯ ಹೋಸೆ ರಾಮಿರೆಸ್, ಆಗಲೇ ಹೇಳಿದ ಮ್ಯಾಡ್ರಿಡ್‌ನ ಹೋಸೆಯ ಮೊಮ್ಮಗ. ಸೀಡರ್ ಹೊಸದಾಗಿದ್ದಾಗಲೇ ಪೂರ್ತಿ ನಾದ ಕೊಡುತ್ತದೆ, ಸ್ಪ್ರೂಸ್‌ಗೆ ಕೆಲವು ವರ್ಷ ನುಡಿಸಿ ಪಳಗಿಸಬೇಕು ಎಂಬುದು ವಾದಕರ ಅನುಭವ. ನನಗೆ ಸ್ಪ್ರೂಸ್ ಇಷ್ಟ. ಅದಕ್ಕೆ ಕಾರಣ ಕೇಳಿದರೆ ರುಚಿ ಎನ್ನಬೇಕಷ್ಟೆ.

ಕೊನೆಯ ಪ್ರಶ್ನೆ ಕಾಲೇಜು ಹುಡುಗನೊಬ್ಬನದ್ದು. ಅಂಗಡಿಯಲ್ಲಿ ಕೈಯಿಂದ ಮಾಡಿದ್ದು ಎಂದು ಮಾರುತ್ತಾರೆ ಸರ್, ನಿಜವೋ ಸುಳ್ಳೋ ಎಂದು ಹೇಗೆ ನೋಡುವುದು? ಮೊದಲು ರಂಧ್ರದ ಅಂಚನ್ನು ನೋಡು ಎಂದೆ. ಮುಖದ ಮೇಲಿನ ಗೆರೆಗಳು ಅಂಚಿನಲ್ಲಿ ಹಾಗೆಯೇ ಕೆಳಗಿಳಿದರೆ ಅದು ಒಂದೇ ಹಲಗೆ, ಅಡ್ಡ ಪದರ ಕಂಡರೆ ಪ್ಲೈವುಡ್. ಆಮೇಲೆ ಅಂಗಡಿಯವರು ಒಪ್ಪಿದರೆ ತಂತಿ ಸಡಿಲಿಸಿ, ಸಣ್ಣ ದೀಪ ಮತ್ತು ಹಲ್ಲಿನ ವೈದ್ಯರ ಕನ್ನಡಿಯನ್ನು ರಂಧ್ರದೊಳಗೆ ಇಳಿಸಿ ನೋಡು. ಕತ್ತಿನ ಬುಡ ಒಳಗೆ ಚಾಚಿದೆಯೇ, ಮೂಲೆಯ ಚೂರುಗಳು ಒಂದೊಂದಾಗಿ ಕೂರಿಸಿದವೇ, ಪಟ್ಟಿಗಳ ಮೇಲೆ ಉಳಿಯ ಗುರುತು ಇದೆಯೇ ಎಂದು ಕಾಣುತ್ತದೆ. ಮೂರನೆಯ ರಾಮಿರೆಸ್‌ನ ಕಾಲದ ಗಿಟಾರ್ ಸಿಕ್ಕರೆ ಆ ಬುಡದ ಮೇಲೆ ಎರಡು ಅಕ್ಷರಗಳ ಮುದ್ರೆಯನ್ನೂ ಹುಡುಕು. ಅದು ಒಡೆಯನ ಹೆಸರಲ್ಲ, ಆ ಗಿಟಾರನ್ನು ಮಾಡಿದ ಕೆಲಸಗಾರನ ಹೆಸರಿನ ಮೊದಲಕ್ಷರಗಳು.